ಹೆಣ್ತನದ ಪ್ರಮಾಣಪತ್ರ ಯಾರ ಕೈಯಲ್ಲಿದೆ?

ಪ್ರಿಯ ಸಂಗಾತಿಗಳೇ,

ಲಿಂಗತ್ವದ ಸ್ವಯಂ ಘೋಷಣೆಯ ಕುರಿತು, ಅಂದರೆ ವ್ಯಕ್ತಿ ತಾನು ಹೆಣ್ಣೋ ಗಂಡೋ ಎಂದು ಹೇಳಿದ್ದನ್ನೇ ಕಾನೂನು ಒಪ್ಪಬೇಕೇ ಎಂಬುದರ ಕುರಿತು, ನಮ್ಮ ನಡುವೆ ನಡೆಯುತ್ತಿರುವ ಜಗಳದಲ್ಲಿ ನಾನು ಇಷ್ಟು ದಿನ ಬಾಯಿ ಬಿಟ್ಟವಳಲ್ಲ. ಎರಡೂ ಕಡೆ ನನ್ನ ಗೆಳತಿಯರೇ ಇದ್ದಾರೆ, ಯಾರ ಮನಸ್ಸನ್ನೂ ನೋಯಿಸುವುದು ಬೇಡ ಎಂದುಕೊಂಡು ಸುಮ್ಮನಿದ್ದೆ. ಆದರೆ ಈಚೆಗೆ ನಮ್ಮ ಮಹಿಳಾ ಒಕ್ಕೂಟದಲ್ಲೇ ಕೆಲವರು ಹೊರಡಿಸಿದ ಹೇಳಿಕೆಯನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹುಟ್ಟಿದಾಗ ಗಂಡೆಂದು ದಾಖಲಾಗಿ ಹೆಣ್ಣಾಗಿ ಬದುಕುವ ಟ್ರಾನ್ಸ್ ಮಹಿಳೆಯರ ಬಗ್ಗೆ ನಮಗೆ ಸಹಾನುಭೂತಿ ಇದೆ, ಆದರೆ ಅದು ಅವರ ಹೋರಾಟ, ಮಹಿಳಾ ಚಳವಳಿಯದಲ್ಲ ಎಂದು ಅದರಲ್ಲಿದೆ. ಸಹಿ ಹಾಕಿದವರಲ್ಲಿ ನನಗೆ ಸ್ತ್ರೀವಾದದ ಅಕ್ಷರಾಭ್ಯಾಸ ಮಾಡಿಸಿದವರೂ ಇದ್ದಾರೆ. ಅವರಿಗೆ ಎದುರು ಮಾತನಾಡುವುದು ನನಗೆ ಸುಲಭವಲ್ಲ. ಆದರೂ ಅದು ನಮ್ಮದೇ ಹೋರಾಟ ಎಂದು ನಾನು ನಂಬಿದ್ದೇನೆ. ಹಾಗೆ ನಂಬಲು ಕಾರಣವೇನು ಎಂಬುದನ್ನು ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಒಂದು ಸಾಲ ತೀರಿಸಬೇಕು. ಬಹಳ ವರ್ಷಗಳ ಹಿಂದೆ, ಗಂಡನ ಏಟಿಗೆ ಸತ್ತ ಯುವತಿಯೊಬ್ಬಳ ಪ್ರಕರಣದ ಬಗ್ಗೆ ನಾವು ಸಭೆ ಕರೆದಿದ್ದೆವು. ಸುಮಾರು ಮೂವತ್ತು ಜನ ಬಂದಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬ ಟ್ರಾನ್ಸ್ ಮಹಿಳೆ ಕುಳಿತಿದ್ದರು. ಚರ್ಚೆ ಶುರುವಾಗುವ ಮೊದಲು ಹಿರಿಯರೊಬ್ಬರು, "ಇದು ಹೆಂಗಸರ ಸಭೆ, ಹೊರಗಿನವರು ದಯವಿಟ್ಟು ಹೊರಡಬೇಕು" ಎಂದರು. ಯಾರನ್ನು ಕುರಿತು ಹೇಳಿದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಆಕೆ ಎದ್ದರು. ಕುಳಿತಿದ್ದ ಕುರ್ಚಿಯನ್ನು ಮಡಚಿದರು, ಗೋಡೆಗೆ ಒರಗಿಸಿದ್ದ ಬೇರೆ ಕುರ್ಚಿಗಳ ಪಕ್ಕದಲ್ಲಿ ಅದನ್ನು ಸದ್ದಾಗದಂತೆ ಇಟ್ಟರು, ಬಾಗಿಲನ್ನು ಮೆಲ್ಲನೆ ಎಳೆದುಕೊಂಡು ಹೋದರು. ಆ ದಿನ ನಡಾವಳಿ ಬರೆಯುತ್ತಿದ್ದವಳು ನಾನು. ಹಾಜರಾದವರ ಸಂಖ್ಯೆ ಬರೆದೆ, ಕಾರ್ಯಸೂಚಿ ಬರೆದೆ, ನಿರ್ಣಯಗಳನ್ನು ಬರೆದೆ. ಆಕೆಯನ್ನು ಹೊರಗೆ ಕಳುಹಿಸಿದ್ದನ್ನು ಮಾತ್ರ ಬರೆಯಲಿಲ್ಲ.

ಎಷ್ಟೋ ವರ್ಷಗಳ ನಂತರ ನ್ಯಾಯಾಲಯವೊಂದರ ಮೊಗಸಾಲೆಯಲ್ಲಿ ಆಕೆ ಮತ್ತೆ ಸಿಕ್ಕರು. ಗುರುತು ಹಿಡಿದವರು ಅವರೇ. ಕೇಳಿದ ಮೊದಲ ಮಾತು: "ಆ ಹುಡುಗಿಯ ಕೇಸು ಏನಾಯಿತು?"

ಅವರ ಕೈಯಲ್ಲಿ ಪ್ಲಾಸ್ಟಿಕ್ ಫೈಲೊಂದಿತ್ತು. ಅದರ ಗುಂಡಿ ಕಿತ್ತುಹೋಗಿದ್ದರಿಂದ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಬೆಂಚಿನ ಮೇಲೆ ಕುಳಿತು ಒಂದೊಂದೇ ಕಾಗದ ತೆಗೆದು ತೋರಿಸಿದರು. ಹಳೆಯ ಹೆಸರಿನ ಶಾಲಾ ದಾಖಲೆ, ಹೊಸ ಹೆಸರಿನ ಪ್ರಮಾಣಪತ್ರ, ಮನೋವೈದ್ಯರ ಪತ್ರ, ಆಸ್ಪತ್ರೆಯ ಪತ್ರ, ಹೆಸರು ಬದಲಾವಣೆಯ ಪ್ರಕಟಣೆಯ ಕತ್ತರಿಸಿದ ತುಣುಕು, ಬೇರೆ ಬೇರೆ ವಯಸ್ಸಿನ ಫೋಟೊಗಳು. ಜೊತೆಗಿದ್ದವನು ಹೊಡೆದನೆಂದು ದೂರು ಕೊಡಲು ಹೋಗಿದ್ದರಂತೆ. ಗಾಯ ನೋಡುವ ಮೊದಲು ಕೇಳಿದ್ದು, ನೀವು ಹೆಂಗಸು ಎನ್ನುವುದಕ್ಕೆ ದಾಖಲೆ ಎಲ್ಲಿ ಎಂದು. ಕೊಟ್ಟ ದಾಖಲೆಗಳಲ್ಲಿ ಒಂದಕ್ಕೊಂದು ತಾಳೆಯಾಗಲಿಲ್ಲ. ದೂರು ಅಲ್ಲಿಗೇ ನಿಂತಿತು.

ಸ್ವಯಂ ಘೋಷಣೆಯ ಕಾನೂನು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಆ ಫೈಲು ನೆನಪಾಗುತ್ತದೆ. ಅಷ್ಟೊಂದು ಕಾಗದಗಳ ಜಾಗದಲ್ಲಿ ವ್ಯಕ್ತಿ ಪ್ರಮಾಣ ಮಾಡಿ ಸಹಿ ಹಾಕುವ ಒಂದು ಕಾಗದ, ಕಾನೂನಿನ ಕಣ್ಣಿಗೆ ಅಷ್ಟು ಸಾಕು. ವೈದ್ಯರ ಮಂಡಳಿ, ನ್ಯಾಯಾಧೀಶರ ಅಪ್ಪಣೆ, ಶಸ್ತ್ರಚಿಕಿತ್ಸೆಯ ಪುರಾವೆ ಯಾವುದೂ ಬೇಕಾಗುವುದಿಲ್ಲ. 2012ರ ಮೇ ತಿಂಗಳಲ್ಲಿ ಅರ್ಜೆಂಟೀನಾ ಇಂಥ ಕಾನೂನನ್ನು ಅಂಗೀಕರಿಸಿತು. ಅಲ್ಲಿನ ಸೆನೆಟ್‌ನಲ್ಲಿ 55 ಮತಗಳು ಪರವಾಗಿ ಬಿದ್ದವು, ವಿರುದ್ಧ ಒಂದೂ ಬೀಳಲಿಲ್ಲ. ಡೆನ್ಮಾರ್ಕ್ 2014ರಲ್ಲಿ, ಮಾಲ್ಟಾ ಮತ್ತು ಐರ್ಲೆಂಡ್ 2015ರಲ್ಲಿ, ನಾರ್ವೆ 2016ರಲ್ಲಿ ಅದೇ ಹಾದಿ ಹಿಡಿದವು. ಆಮೇಲೆ ಬೆಲ್ಜಿಯಂ, ಪೋರ್ಚುಗಲ್, ಸ್ವಿಟ್ಜರ್ಲೆಂಡ್, ಸ್ಪೇನ್, 2024ರಲ್ಲಿ ಜರ್ಮನಿ. ಪ್ರತಿಯೊಂದು ದೇಶದ ನಿಯಮದಲ್ಲೂ ವ್ಯತ್ಯಾಸಗಳಿವೆ: ಜರ್ಮನಿಯಲ್ಲಿ ಮೂರು ತಿಂಗಳು ಮುಂಚಿತವಾಗಿ ತಿಳಿಸಬೇಕು, ಸ್ಪೇನ್‌ನಲ್ಲಿ ಎರಡನೆಯ ಬಾರಿ ಬಂದು ದೃಢಪಡಿಸಬೇಕು. ಅದನ್ನೆಲ್ಲ ನಾನು ಇಲ್ಲಿ ವಿವರಿಸುವುದಿಲ್ಲ.

ಐರ್ಲೆಂಡ್‌ನ ಟ್ರಾನ್ಸ್ ಮಹಿಳೆ ಲಿಡಿಯಾ ಫೋಯ್ ಅವರ ಹೆಸರನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. ತಮ್ಮ ಜನನ ಪ್ರಮಾಣಪತ್ರವನ್ನು ತಿದ್ದಿಕೊಡಿ ಎಂದು ಅವರು ಕೇಳಿದ್ದು 1993ರಲ್ಲಿ. ನ್ಯಾಯಾಲಯದಲ್ಲಿ ಒಮ್ಮೆ ಸೋತರು, 2007ರಲ್ಲಿ ಗೆದ್ದರು, ಆದರೂ ಕಾನೂನು ಬರಲು 2015 ಆಗಬೇಕಾಯಿತು. ಒಂದು ಕಾಗದಕ್ಕಾಗಿ ಇಪ್ಪತ್ತೆರಡು ವರ್ಷ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನೀನು ಹೆಣ್ಣು ಎನ್ನುವುದಕ್ಕೆ ಪುರಾವೆ ಕೊಡು ಎಂಬ ಪ್ರಶ್ನೆ ಟ್ರಾನ್ಸ್ ಮಹಿಳೆಯರಿಗೆ ಮಾತ್ರ ಮೀಸಲಾದ ಪ್ರಶ್ನೆ ಎಂದು ನೀವು ಭಾವಿಸಿದ್ದೀರಿ. ಅದು ಹಾಗಲ್ಲ. ಟ್ರಾನ್ಸ್ ಅಲ್ಲದ ಹೆಣ್ಣುಮಕ್ಕಳನ್ನೂ ಆ ಪ್ರಶ್ನೆ ಬಹಳ ಹಿಂದಿನಿಂದ ಸುಟ್ಟಿದೆ.

1966ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಯುರೋಪಿಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಓಡಲು, ಎಸೆಯಲು, ಜಿಗಿಯಲು ಬಂದಿದ್ದ ಹೆಣ್ಣುಮಕ್ಕಳನ್ನು ವೈದ್ಯರ ತಂಡದ ಮುಂದೆ ಬೆತ್ತಲೆಯಾಗಿ ನಡೆಸಲಾಯಿತು. ಅದಾದ ಮೇಲೆ ವರ್ಣತಂತುವಿನ ಪರೀಕ್ಷೆ ಬಂತು, ಪಾಸಾದವರಿಗೆ ಹೆಣ್ತನದ ಪ್ರಮಾಣಪತ್ರ ಕೊಡುವ ಪದ್ಧತಿ ಬಂತು. ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ ಅವರಿಗೂ 1983ರಲ್ಲಿ ಅಂಥದ್ದೊಂದು ಪ್ರಮಾಣಪತ್ರ ಸಿಕ್ಕಿತ್ತು. 1985ರಲ್ಲಿ ಜಪಾನ್‌ನ ಕೋಬೆಯಲ್ಲಿ ನಡೆದ ವಿಶ್ವವಿದ್ಯಾಲಯಗಳ ಕ್ರೀಡಾಕೂಟಕ್ಕೆ ಹೋಗುವಾಗ ಅದನ್ನು ಮರೆತು ಮನೆಯಲ್ಲೇ ಬಿಟ್ಟರು. ಮರೆತಿದ್ದಕ್ಕಾಗಿ ಮತ್ತೆ ಪರೀಕ್ಷೆ ನಡೆಯಿತು. ಈ ಸಲ, ಸಾಮಾನ್ಯವಾಗಿ ಗಂಡಸರಲ್ಲಿರುವ ಎಕ್ಸ್‌ವೈ ವರ್ಣತಂತುಗಳು ಕಾಣಿಸಿದವು. ಅವರ ದೇಹ ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್‌ಗೆ ಸ್ಪಂದಿಸದ ದೇಹವಾಗಿತ್ತು. ಹುಟ್ಟಿದಾಗಿನಿಂದ ಹೆಣ್ಣಾಗಿ ಬೆಳೆದವರು, ತಾನು ಬೇರೇನೋ ಆಗಿರಬಹುದೆಂದು ಕನಸಿನಲ್ಲೂ ಯೋಚಿಸದವರು. ಗಾಯವಾಗಿದೆಯೆಂದು ನಟಿಸಿ ಓಟದಿಂದ ಹಿಂದೆ ಸರಿ ಎಂಬ ಸಲಹೆ ಅವರಿಗೆ ಸಿಕ್ಕಿತು. ಮರುವರ್ಷ ಅದನ್ನು ಧಿಕ್ಕರಿಸಿ ಸ್ವದೇಶದಲ್ಲಿ ಓಡಿದಾಗ ಸುದ್ದಿ ಪತ್ರಿಕೆಗಳಿಗೆ ಹೋಯಿತು. ವಿದ್ಯಾರ್ಥಿವೇತನ ಹೋಯಿತು, ಕ್ರೀಡಾ ವಸತಿನಿಲಯದ ಕೋಣೆ ಹೋಯಿತು, ಮದುವೆಯಾಗಬೇಕಿದ್ದ ಹುಡುಗನೂ ಹೋದ. 1988ರಲ್ಲಿ ಮತ್ತೆ ಅವಕಾಶ ಸಿಗುವ ಹೊತ್ತಿಗೆ ಓಟಗಾರ್ತಿಯೊಬ್ಬಳ ಒಳ್ಳೆಯ ವರ್ಷಗಳು ಕಳೆದುಹೋಗಿದ್ದವು. ಭಾರತದ ಓಟಗಾರ್ತಿ ದ್ಯುತಿ ಚಂದ್ ಅವರನ್ನು 2014ರಲ್ಲಿ, ಹೆಣ್ಣಿನ ದೇಹದ ಟೆಸ್ಟೊಸ್ಟೆರಾನ್ ಮಟ್ಟಕ್ಕೆ ಮಿತಿ ಹಾಕಿದ್ದ ನಿಯಮದ ಹೆಸರಿನಲ್ಲಿ, ಹೀಗೆಯೇ ತಂಡದಿಂದ ಕೈಬಿಟ್ಟರು. ಅವರು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಮರುವರ್ಷ ಆ ನಿಯಮಕ್ಕೆ ತಡೆ ತಂದರು.

ಈ ಇಬ್ಬರೂ ಟ್ರಾನ್ಸ್ ಮಹಿಳೆಯರಲ್ಲ. ಆದರೆ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ ಮೇಲೆ ಆತ ಯಾರನ್ನು ತಡೆಯುತ್ತಾನೆ ಎನ್ನುವುದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಎತ್ತರ ಹೆಚ್ಚಿದ್ದವಳು, ಧ್ವನಿ ದಪ್ಪಗಿದ್ದವಳು, ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡವಳು, ಗಲ್ಲದಲ್ಲಿ ರೋಮ ಬರುವವಳು, ಮೊದಲು ಸಂಶಯ ಬೀಳುವುದು ಇವರ ಮೇಲೆ. ಹೆಣ್ಣು ಹೀಗಿರಬೇಕು ಎಂಬ ಅಚ್ಚನ್ನು ಒಡೆಯುವುದಕ್ಕಾಗಿ ತಾನೇ ನಾವು ಚಳವಳಿ ಕಟ್ಟಿದ್ದು? ಆ ಅಚ್ಚನ್ನೇ ಈಗ ನಮ್ಮ ರಕ್ಷಣೆಯ ಹೆಸರಿನಲ್ಲಿ ಅಳತೆಗೋಲು ಮಾಡಿಕೊಂಡರೆ ನಮ್ಮ ಅಜ್ಜಿಯರ ಕಾಲಕ್ಕೆ ನಾವೇ ನಡೆದುಕೊಂಡು ಹಿಂದೆ ಹೋದಂತೆ.

ಕನ್ಯತ್ವ ಪರೀಕ್ಷೆಯ ವಿರುದ್ಧ ನಾವು ಎಷ್ಟು ವರ್ಷ ಕೂಗಿದ್ದೇವೆ! ಅದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ, ಅದನ್ನು ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಮಹಿಳಾ ಮತ್ತು ಮಾನವ ಹಕ್ಕು ವಿಭಾಗಗಳೂ ಒಟ್ಟಾಗಿ ಕರೆ ಕೊಟ್ಟಿದ್ದು 2018ರಲ್ಲಿ. ಆ ಹೋರಾಟದಲ್ಲಿ ನಮ್ಮ ವಾದ ಏನಿತ್ತು? ಹೆಣ್ಣಿನ ಮಾತನ್ನು ನಂಬಿ, ಅವಳ ದೇಹವನ್ನು ಸಾಕ್ಷಿಕಟ್ಟೆಗೆ ಎಳೆಯಬೇಡಿ ಎಂದಲ್ಲವೇ? ಆ ವಾದವನ್ನು ಟ್ರಾನ್ಸ್ ಮಹಿಳೆಯರ ಮನೆಬಾಗಿಲಿಗೆ ಬಂದಾಗ ಹಿಂದಕ್ಕೆ ಪಡೆಯಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇನ್ನೂ ಗಾಢವಾದ ಒಂದು ನಂಟಿದೆ. ಅದು ಗರ್ಭದ ವಿಷಯ. ಸ್ವೀಡನ್ ದೇಶ 1934ರಿಂದ 1975ರವರೆಗೆ ಸುಮಾರು 63,000 ಜನರ ಸಂತಾನಶಕ್ತಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಿತು. ಅವರಲ್ಲಿ ಬಹುಪಾಲು ಮಹಿಳೆಯರು. ಬಡವರು, ಬುದ್ಧಿ ಸಾಲದವರು, ನಡತೆ ಸರಿಯಿಲ್ಲದವರು ಎಂದು ಅಧಿಕಾರಿಗಳು ಹಣೆಪಟ್ಟಿ ಹಚ್ಚಿದ ಎಷ್ಟೋ ಹೆಣ್ಣುಮಕ್ಕಳು ಒತ್ತಾಯಕ್ಕೆ ಮಣಿದೇ ಒಪ್ಪಿಗೆ ಕೊಟ್ಟಿದ್ದರು. ಅದೇ ದೇಶ 1972ರಲ್ಲಿ ಕಾನೂನುಬದ್ಧವಾಗಿ ಲಿಂಗ ಬದಲಾವಣೆಗೆ ಅವಕಾಶ ಕೊಟ್ಟು ಪ್ರಗತಿಪರ ಎನಿಸಿಕೊಂಡಿತು. ಆದರೆ ಷರತ್ತು ಏನು? ಅರ್ಜಿ ಹಾಕಿದವರು ಸಂತಾನಶಕ್ತಿಯನ್ನು ಕಳೆದುಕೊಂಡಿರಬೇಕು. ಆ ಷರತ್ತು 2013ರವರೆಗೆ ಉಳಿಯಿತು. 1999ರಲ್ಲಿ ಮೊದಲ ಗುಂಪಿನವರಿಗೆ, 2018ರಲ್ಲಿ ಎರಡನೆಯ ಗುಂಪಿನವರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಎರಡಕ್ಕೂ ಬೇರು ಒಂದೇ. ಯಾರು ಹೆರಬಹುದು, ಯಾರು ಹೆರಬಾರದು ಎಂದು ತೀರ್ಮಾನಿಸುವ ಹಕ್ಕು ತನ್ನದು ಎಂಬ ಸರ್ಕಾರದ ಗತ್ತು. ಇಂಥ ಷರತ್ತು ಮಾನವ ಹಕ್ಕುಗಳ ಉಲ್ಲಂಘನೆ ಎಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2017ರಲ್ಲಿ ಹೇಳಿತು. ಜಪಾನ್‌ನ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿದ್ದು 2023ರ ಅಕ್ಟೋಬರ್‌ನಲ್ಲಿ. ನನ್ನ ದೇಹ ನನ್ನ ಹಕ್ಕು ಎಂಬ ಘೋಷಣೆಯನ್ನು ಬೀದಿಗೆ ತಂದವರು ನಾವು. ಈ ತೀರ್ಪುಗಳನ್ನು ನಮ್ಮ ಗೆಲುವೆಂದು ನಾವು ಯಾಕೆ ಎಣಿಸಲಿಲ್ಲ?

ಅರ್ಜೆಂಟೀನಾದ ಸಂಗಾತಿಗಳು ಎಣಿಸಿದರು. ಅಲ್ಲಿನ ಕಥೆ ನನಗೆ ಬಹಳ ಪ್ರಿಯವಾದದ್ದು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಅಲ್ಲಿನ ಹೋರಾಟಗಾರ್ತಿ ಲೊಹಾನಾ ಬರ್ಕಿನ್ಸ್ ತಮ್ಮನ್ನು ತ್ರವೆಸ್ತಿ ಎಂದು ಕರೆದುಕೊಳ್ಳುತ್ತಿದ್ದರು; ಗಂಡೆಂದು ದಾಖಲಾಗಿ ಹೆಣ್ಣಾಗಿ ಬದುಕುವವರಿಗೆ ಅಲ್ಲಿ ಬಳಸುವ ಪದ ಅದು. ಬೈಗುಳವಾಗಿದ್ದ ಆ ಪದವನ್ನು ಅವರ ಪೀಳಿಗೆ ಎದೆಯ ಮೇಲಿನ ಬಿಲ್ಲೆಯಾಗಿ ಧರಿಸಿತು. ಆ ದಿನಗಳಲ್ಲಿ ಬ್ಯೂನಸ್ ಐರಿಸ್‌ನ ಪೊಲೀಸರ ಬಳಿ ತಮ್ಮದೇ ಆಜ್ಞೆಗಳಿದ್ದವು. ನ್ಯಾಯಾಧೀಶರ ಮುಂದೆ ಹಾಜರುಪಡಿಸದೆಯೇ ಜನರನ್ನು ಬೀದಿಯಿಂದ ಎತ್ತಿ ಒಳಗೆ ಹಾಕಲು ಅವು ಸಾಕಾಗುತ್ತಿದ್ದವು. ತ್ರವೆಸ್ತಿಗಳನ್ನೂ ಲೈಂಗಿಕ ವೃತ್ತಿಯ ಮಹಿಳೆಯರನ್ನೂ ಹಿಡಿಯುತ್ತಿದ್ದುದು ಅದೇ ಆಜ್ಞೆಗಳ ಅಡಿಯಲ್ಲಿ. ಹೀಗೆ ಇಬ್ಬರಿಗೂ ಪರಿಚಯವಾದದ್ದು ಒಂದೇ ಠಾಣೆಯ ಒಂದೇ ಕಟ್ಟೆಯ ಮೇಲೆ. ಲೊಹಾನಾ ಕಟ್ಟಿದ ಸಂಘಟನೆಗೆ ನೋಂದಣಿ ಕೊಡಲು ಅಧಿಕಾರಿಗಳು ನಿರಾಕರಿಸಿದರು, ಅದರಿಂದ ಸಾರ್ವಜನಿಕ ಹಿತವಿಲ್ಲ ಎಂಬ ಕಾರಣ ಕೊಟ್ಟರು. 2006ರಲ್ಲಿ ದೇಶದ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು.

ಅವರು ತಮ್ಮ ಸಮುದಾಯದ ಗುರುತಿಗಾಗಿ ಮಾತ್ರ ಹೋರಾಡಿದವರಲ್ಲ. ಗರ್ಭಪಾತದ ಹಕ್ಕಿಗಾಗಿಯೂ ದನಿಯೆತ್ತಿದರು. ತಮಗೆ ಎಂದೂ ಬೇಕಾಗದ ಹಕ್ಕು ಅದು. 2016ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2015ರ ಅಕ್ಟೋಬರ್‌ನಲ್ಲಿ, ಅವರ ಹೋರಾಟದ ಸಂಗಾತಿ ದಿಯಾನಾ ಸಕಯಾನ್ ಕೊಲೆಯಾಗಿದ್ದರು. ಹೆಣ್ಣೆಂಬ ಕಾರಣಕ್ಕೆ ಹೆಣ್ಣನ್ನು ಕೊಲ್ಲುವುದನ್ನು ಫೆಮಿಸೈಡ್ ಎಂದು ಕರೆದು, ಅದನ್ನು ಕಾನೂನು ಗುರುತಿಸಬೇಕೆಂದು ಅಲ್ಲಿನ ಸ್ತ್ರೀವಾದಿಗಳು ಹೋರಾಡಿದ್ದರು. ಅದೇ ದಾರಿಯಲ್ಲಿ ನಡೆದು, 2018ರಲ್ಲಿ ದಿಯಾನಾ ಕೊಲೆಯ ತೀರ್ಪು ಅದನ್ನು ತ್ರವೆಸ್ತಿ ದ್ವೇಷದ ಕೊಲೆಯೆಂದು ಗುರುತಿಸಿತು. 2020ರ ಡಿಸೆಂಬರ್ 30ರಂದು ಗರ್ಭಪಾತ ಕಾನೂನು ಗೆದ್ದಾಗ, ಅದರ ಪಠ್ಯದಲ್ಲಿ ಮಹಿಳೆಯರ ಜೊತೆಗೆ ಗರ್ಭ ಧರಿಸಬಲ್ಲ ಇತರ ಲಿಂಗತ್ವದವರೂ ಇದ್ದರು. ಮರುವರ್ಷ ಸರ್ಕಾರಿ ಉದ್ಯೋಗದಲ್ಲಿ ಟ್ರಾನ್ಸ್ ಜನರಿಗೆ ಕನಿಷ್ಠ ಶೇಕಡ 1ರಷ್ಟು ಹುದ್ದೆ ಮೀಸಲಿಟ್ಟ ಕಾನೂನಿಗೆ ದಿಯಾನಾ ಮತ್ತು ಲೊಹಾನಾ ಇಬ್ಬರ ಹೆಸರನ್ನೂ ಇಟ್ಟರು. ಹೀಗೆ ಒಬ್ಬರ ಹೋರಾಟಕ್ಕೆ ಇನ್ನೊಬ್ಬರು ಹೆಗಲು ಕೊಟ್ಟಿದ್ದರಿಂದ ಹೆಣ್ಣಿನ ಹಕ್ಕು ಕರಗಿಹೋಯಿತು ಎಂದು ಯಾರಾದರೂ ಹೇಳಬಲ್ಲರೇ? ಗರ್ಭಪಾತ ಹಕ್ಕಿನ ಹಸಿರು ಕರವಸ್ತ್ರ ಅಲ್ಲಿಂದ ಖಂಡವನ್ನೇ ಸುತ್ತಿತು.

ಇದರ ತದ್ವಿರುದ್ಧ ಚಿತ್ರ ಹಂಗೇರಿಯದು. 2020ರ ಮೇ 5ರಂದು ಅಲ್ಲಿನ ಸಂಸತ್ತು ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವ ಇಸ್ತಾಂಬುಲ್ ಒಪ್ಪಂದವನ್ನು ಅನುಮೋದಿಸುವುದಿಲ್ಲ ಎಂದು ಘೋಷಿಸಿತು. ಎರಡೇ ವಾರಗಳ ನಂತರ, ಮೇ 19ರಂದು, ಟ್ರಾನ್ಸ್ ಜನರಿಗೆ ಕಾನೂನಿನ ಮಾನ್ಯತೆ ಸಿಗುವ ಬಾಗಿಲನ್ನು ಪೂರ್ತಿ ಮುಚ್ಚಿತು. 2022ರಲ್ಲಿ, ಗರ್ಭಪಾತಕ್ಕೆ ಬರುವ ಹೆಣ್ಣಿಗೆ ಮೊದಲು ಭ್ರೂಣದ ಎದೆಬಡಿತ ಕೇಳಿಸಬೇಕೆಂಬ ನಿಯಮ ಬಂತು. ಪಾಕಿಸ್ತಾನದಲ್ಲಿ 2018ರಲ್ಲಿ ಸ್ವಯಂ ಘೋಷಣೆಯ ಕಾನೂನು ಬಂತು. ಅದೇ ವರ್ಷ ಶುರುವಾದ ಮಹಿಳೆಯರ ನಡಿಗೆ ಔರತ್ ಮಾರ್ಚ್‌ನಲ್ಲಿ ಖ್ವಾಜಾ ಸಿರಾ ಎಂದು ಕರೆಯುವ ಅಲ್ಲಿನ ಟ್ರಾನ್ಸ್ ಸಮುದಾಯದವರೂ ಹೆಜ್ಜೆ ಹಾಕುತ್ತ ಬಂದರು. ಆ ನಡಿಗೆಯನ್ನು ಅಶ್ಲೀಲವೆಂದು ಬೈದ ರಾಜಕೀಯವೇ ಈ ಕಾನೂನನ್ನೂ ಬೆನ್ನಟ್ಟಿತು. 2023ರ ಮೇ ತಿಂಗಳಲ್ಲಿ ಫೆಡರಲ್ ಶರಿಯತ್ ನ್ಯಾಯಾಲಯ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ನಮ್ಮನ್ನು ಹೊಡೆಯಲು ಬರುವವರು ನಮ್ಮಿಬ್ಬರ ನಡುವೆ ವ್ಯತ್ಯಾಸ ಮಾಡುವುದಿಲ್ಲ. ಟ್ರಾನ್ಸ್ ಮಹಿಳೆಯರಿಂದ ನಿಮ್ಮನ್ನು ಕಾಪಾಡುತ್ತೇವೆ ಎಂದು ಇಂದು ನಿಮ್ಮ ಹೇಳಿಕೆಯನ್ನು ಹಂಚುತ್ತಿರುವವರಲ್ಲಿ ಎಷ್ಟು ಜನ ನಿನ್ನೆ ನಮ್ಮ ಅತ್ಯಾಚಾರ ವಿರೋಧಿ ಮೆರವಣಿಗೆಗೆ ಬಂದಿದ್ದರು ಎಂದು ಒಮ್ಮೆ ಎಣಿಸಿ ನೋಡಿ ಎಂದು ಬೇಡಿಕೊಳ್ಳುತ್ತೇನೆ.

ತೀರ್ಪೊಂದೇ ಸಾಲದು ಎನ್ನುವುದಕ್ಕೆ ಭಾರತದ ಉದಾಹರಣೆಯೂ ಇದೆ. ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕು, ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) ಹೂಡಿದ್ದ ಪ್ರಕರಣದಲ್ಲಿ ಹೇಳಿತು. ಐದು ವರ್ಷದ ನಂತರ ಸಂಸತ್ತು ಅಂಗೀಕರಿಸಿದ ಕಾಯ್ದೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವನ್ನು ಮುಂದಿಟ್ಟಿತು. ಗಂಡು ಅಥವಾ ಹೆಣ್ಣು ಎಂದು ದಾಖಲಾಗಬೇಕಾದರೆ ಶಸ್ತ್ರಚಿಕಿತ್ಸೆಯ ಪುರಾವೆಯನ್ನೂ ಕೇಳಿತು. ನ್ಯಾಯಾಲಯ ಕಿತ್ತು ಬಿಸಾಡಿದ ಪ್ರಮಾಣಪತ್ರ ಕಾಯ್ದೆಯ ರೂಪದಲ್ಲಿ ಮರಳಿ ಬಂದಿತ್ತು. ಟ್ರಾನ್ಸ್ ಸಮುದಾಯದವರು ಅದರ ವಿರುದ್ಧ ಬೀದಿಗಿಳಿದಾಗ ನಾವು ಇನ್ನೂ ದೊಡ್ಡ ಸಂಖ್ಯೆಯಲ್ಲಿ ಜೊತೆಗಿರಬೇಕಿತ್ತು.

ಈಗ ನಿಮ್ಮ ಭಯದ ಮಾತು. ಅದನ್ನು ನಾನು ತಳ್ಳಿಹಾಕುವವಳಲ್ಲ. ಹಿಂಸೆಗೊಳಗಾದ ಹೆಣ್ಣುಮಕ್ಕಳ ಆಶ್ರಯ ಕೇಂದ್ರವೊಂದರಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು ನಾನು. ಭಯವೆಂದರೆ ಏನೆಂದು ಅದರ ಮಗ್ಗುಲಲ್ಲೇ ಮಲಗಿ ನೋಡಿದ್ದೇನೆ. ಮೊಗಸಾಲೆಯಲ್ಲಿ ಗಡಸು ಧ್ವನಿ ಕೇಳಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ ಒಬ್ಬಾಕೆ ನಮ್ಮಲ್ಲಿದ್ದರು. ಆಕೆಗೆ ನಿನ್ನ ಭಯ ತಪ್ಪು ಎಂದು ಸಿದ್ಧಾಂತ ಬೋಧಿಸುವುದು ಕ್ರೌರ್ಯ.

ಆದರೆ ಆಶ್ರಯ ಕೇಂದ್ರದ ಬಾಗಿಲು ನಿಜವಾಗಿ ಹೇಗೆ ತೆರೆಯುತ್ತದೆ ಎನ್ನುವುದನ್ನೂ ಹೇಳುತ್ತೇನೆ. ನಡುರಾತ್ರಿ ಬಂದ ಯಾರ ಜನನ ಪ್ರಮಾಣಪತ್ರವನ್ನೂ ನಾವು ಎಂದೂ ಕೇಳಿಲ್ಲ. ಓಡಿಬಂದವರ ಬಳಿ ಅದು ಇರುವುದೂ ಇಲ್ಲ. ನಮ್ಮಲ್ಲಿ ಇಬ್ಬರು ಬಂದವರ ಜೊತೆ ಕುಳಿತುಕೊಳ್ಳುತ್ತಿದ್ದೆವು. ಹೊಡೆದವರು ಯಾರು, ನೀವು ಇಲ್ಲಿರುವುದು ಅವರಿಗೆ ಗೊತ್ತೇ, ಮೊಬೈಲ್ ಯಾರ ಹೆಸರಿನಲ್ಲಿದೆ, ಯಾರ ಜೊತೆಗಾದರೂ ಕೈಕೈ ಮಿಲಾಯಿಸಿದ್ದುಂಟೇ, ಕುಡಿತ ಇದೆಯೇ ಎಂದು ಕೇಳುತ್ತಿದ್ದೆವು. ಉತ್ತರ ನೋಡಿ ಕೋಣೆ ಕೊಡುತ್ತಿದ್ದೆವು. ಬೇರೊಬ್ಬಳ ಮಗುವಿಗೆ ಹೊಡೆದ ಹೆಣ್ಣನ್ನು ಬೇರೆಡೆಗೆ ಕಳುಹಿಸಿದ್ದುಂಟು. ಗೆಳತಿಯ ವಿಳಾಸವನ್ನು ಗಂಡನಿಗೆ ತಲುಪಿಸಿದ ಹೆಣ್ಣನ್ನು ರಾತ್ರೋರಾತ್ರಿ ಸ್ಥಳಾಂತರಿಸಿದ್ದುಂಟು. ಅಪಾಯವನ್ನು ನಾವು ಅಳೆಯುತ್ತಿದ್ದುದು ನಡವಳಿಕೆಯಿಂದ. ನಮ್ಮಲ್ಲಿಗೆ ಟ್ರಾನ್ಸ್ ಮಹಿಳೆಯರೂ ಬಂದಿದ್ದಾರೆ. ಎರಡು ಸಲ ಯಾವ ತೊಂದರೆಯೂ ಆಗಲಿಲ್ಲ. ಒಂದು ಸಲ ಆಯಿತು. ನಾನು ಮೇಲೆ ಹೇಳಿದ ಆಕೆ ತೀರಾ ಹೆದರಿದರು, ಇಬ್ಬರಿಗೂ ಮನೆಯ ಎರಡು ತುದಿಯಲ್ಲಿ ಕೋಣೆ ಕೊಟ್ಟೆವು, ಊಟದ ಹೊತ್ತನ್ನು ಬದಲಿಸಿದೆವು. ನಾಲ್ಕನೆಯ ದಿನ ಟ್ರಾನ್ಸ್ ಮಹಿಳೆ ತಾವಾಗಿಯೇ ಚೀಲ ಕಟ್ಟಿಕೊಂಡು ಹೊರಟುಹೋದರು. ಆಕೆಗಾಗಿ ನಾವು ಇನ್ನೊಂದು ಜಾಗವನ್ನು ಹುಡುಕಿಟ್ಟಿರಲಿಲ್ಲ. ಅದು ನಮ್ಮ ವೈಫಲ್ಯ. ಅದಕ್ಕೆ ಕಾರಣ ಅವರಲ್ಲಿ ಯಾರೂ ಅಲ್ಲ, ಕೋಣೆಗಳ ಕೊರತೆ ಮತ್ತು ನಮ್ಮ ತಯಾರಿಯ ಕೊರತೆ. ಆಶ್ರಯ ಕೇಂದ್ರಗಳಿಗೆ ಹಣ ಕೊಡದ ಸರ್ಕಾರಗಳನ್ನು ಬಿಟ್ಟು, ಆ ಎರಡು ಹೆಣ್ಣುಗಳನ್ನು ಪರಸ್ಪರರ ವಿರುದ್ಧ ನಿಲ್ಲಿಸುವ ವಾದವನ್ನು ನಾನು ಒಪ್ಪಲಾರೆ.

ಸೆರೆಮನೆಯ ಪ್ರಶ್ನೆಯೂ ನಿಜವಾದ ಪ್ರಶ್ನೆಯೇ. 2023ರ ಜನವರಿಯಲ್ಲಿ ಸ್ಕಾಟ್ಲೆಂಡ್‌ನಲ್ಲಿ ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ ಅಪರಾಧಿಯೊಬ್ಬರನ್ನು ಮೊದಲು ಮಹಿಳಾ ಸೆರೆಮನೆಗೆ ಕಳುಹಿಸಿ, ಪ್ರತಿಭಟನೆ ಎದ್ದ ಮೇಲೆ ಪುರುಷರ ಸೆರೆಮನೆಗೆ ಸಾಗಿಸಿದರು. ಮೊದಲು ಹಾಗೆ ಕಳುಹಿಸಿದ್ದು ತಪ್ಪು, ನನಗೆ ಅದರಲ್ಲಿ ಅನುಮಾನವೇ ಇಲ್ಲ. ಆದರೆ ಆ ಪ್ರಕರಣವನ್ನು ಸ್ವಯಂ ಘೋಷಣೆಯ ಕಾನೂನಿನ ಫಲವೆಂದು ತೋರಿಸುತ್ತಿರುವುದು ಸರಿಯಲ್ಲ. ಸ್ಕಾಟ್ಲೆಂಡ್ ಸಂಸತ್ತು 2022ರ ಡಿಸೆಂಬರ್‌ನಲ್ಲಿ 86ಕ್ಕೆ 39 ಮತಗಳಿಂದ ಅಂಗೀಕರಿಸಿದ ಸ್ವಯಂ ಘೋಷಣೆಯ ಮಸೂದೆಯನ್ನು ಲಂಡನ್‌ನ ಬ್ರಿಟನ್ ಸರ್ಕಾರ ಮರುತಿಂಗಳೇ ತಡೆಯಿತು. ಅದು ಒಂದು ದಿನವೂ ಜಾರಿಯಲ್ಲಿರಲಿಲ್ಲ. ಕೈದಿಯನ್ನು ಎಲ್ಲಿಡಬೇಕೆಂಬ ತೀರ್ಮಾನ ಸೆರೆಮನೆ ಇಲಾಖೆಯ ನೀತಿಯದು, ಅಪರಾಧದ ಸ್ವರೂಪ ನೋಡಿ ಆಗಬೇಕಾದದ್ದು. ಅಂಥ ನೀತಿಯನ್ನು ಬಿಗಿಯಾಗಿ ಬರೆಯಿರಿ ಎಂದು ಒತ್ತಾಯಿಸುವ ಪತ್ರಕ್ಕೆ ನಾನು ಮೊದಲ ಸಹಿ ಹಾಕುತ್ತೇನೆ. ಆ ನೀತಿಯನ್ನು ಬರೆಯುವ ಮೇಜಿನಲ್ಲಿ ಟ್ರಾನ್ಸ್ ಮಹಿಳೆಯರೂ ಇರಬೇಕು, ಏಕೆಂದರೆ ಪುರುಷರ ಸೆರೆಮನೆಯಲ್ಲಿ ಟ್ರಾನ್ಸ್ ಮಹಿಳೆಗೆ ಏನಾಗುತ್ತದೆ ಎನ್ನುವುದು ಅವರಿಗೆ ಗೊತ್ತು.

ಆ ಮಸೂದೆಯ ಕಾಲದಲ್ಲಿ ವಿಶ್ವಸಂಸ್ಥೆಯ ಇಬ್ಬರು ಪರಿಣತರೇ ಎರಡು ದಿಕ್ಕಿಗೆ ಮಾತನಾಡಿದರು. ಮಹಿಳೆಯರ ಮೇಲಿನ ಹಿಂಸೆಯ ವಿಶೇಷ ವರದಿಗಾರ್ತಿ ರೀಮ್ ಅಲ್ಸಲೇಮ್ ಆತಂಕ ವ್ಯಕ್ತಪಡಿಸಿದರು. ಲೈಂಗಿಕತೆ ಮತ್ತು ಲಿಂಗತ್ವ ಗುರುತಿನ ಸ್ವತಂತ್ರ ತಜ್ಞ ವಿಕ್ಟರ್ ಮಾದ್ರಿಗಾಲ್ ಬೊರ್ಲೊಜ್ ಬೆಂಬಲಿಸಿದರು. ಅದೇ ಸ್ಕಾಟ್ಲೆಂಡ್‌ನಲ್ಲಿ ಅತ್ಯಾಚಾರ ಸಂತ್ರಸ್ತರ ಜೊತೆ, ಮನೆಯೊಳಗಿನ ಹಿಂಸೆಗೊಳಗಾದವರ ಜೊತೆ ದಿನನಿತ್ಯ ಕೆಲಸ ಮಾಡುವ ರೇಪ್ ಕ್ರೈಸಿಸ್ ಸ್ಕಾಟ್ಲೆಂಡ್ ಮತ್ತು ಸ್ಕಾಟಿಷ್ ವಿಮೆನ್ಸ್ ಏಡ್ ಸುಧಾರಣೆಯ ಪರವಾಗಿ ನಿಂತವು. ವಿರುದ್ಧವಿದ್ದ ಮಹಿಳಾ ಸಂಘಟನೆಯೊಂದು ಬೇರೊಂದು ಮೊಕದ್ದಮೆಯಲ್ಲಿ ಬ್ರಿಟನ್‌ನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅಲ್ಲಿನ ಸಮಾನತಾ ಕಾಯ್ದೆಯಲ್ಲಿ ಮಹಿಳೆ ಎಂಬ ಪದಕ್ಕೆ ಜೈವಿಕ ಲಿಂಗದ ಅರ್ಥವೇ ಇದೆ ಎಂದು 2025ರ ಏಪ್ರಿಲ್ 16ರಂದು ತೀರ್ಪು ಬಂತು. ಟ್ರಾನ್ಸ್ ಜನರಿಗೆ ತಾರತಮ್ಯದಿಂದ ರಕ್ಷಣೆ ಇದ್ದೇ ಇರುತ್ತದೆ ಎಂದೂ ಆ ತೀರ್ಪು ಹೇಳಿತು. ಆ ತೀರ್ಪಿನಿಂದ ನನಗೆ ನೋವಾಗಿದೆ. ಅದನ್ನು ಗೆಲುವೆಂದು ಸಂಭ್ರಮಿಸಿದ ಹೆಂಗಸರೆಲ್ಲ ದ್ವೇಷದಿಂದ ಸಂಭ್ರಮಿಸಿದರು ಎಂದು ನಾನು ಹೇಳುವುದಿಲ್ಲ, ಏಕೆಂದರೆ ಅವರಲ್ಲಿ ಕೆಲವರ ಮೈಮೇಲಿನ ಕಲೆಗಳನ್ನು ನಾನು ನೋಡಿದ್ದೇನೆ.

ಟ್ರಾನ್ಸ್ ಸಂಗಾತಿಗಳೇ, ನೀವೂ ಇದನ್ನು ಓದುತ್ತೀರಿ ಎಂದು ಗೊತ್ತು. ನಿಮಗೂ ಒಂದು ಮಾತು ಹೇಳಬೇಕಿದೆ. ನಿಮ್ಮ ಪರವಾಗಿ ಮಾತನಾಡುತ್ತೇವೆಂದು ಹೇಳುವ ಕೆಲವರು ಭಿನ್ನಮತದ ಹೆಂಗಸರಿಗೆ ಹಾಕುವ ಬೆದರಿಕೆಗಳನ್ನು ನಾನು ಓದಿದ್ದೇನೆ. ಹೆಣ್ಣಿಗೆ ಬರೆಯುವ ಹಳೆಯ ಬೆದರಿಕೆಗಳೇ ಅವು, ಒಂದಕ್ಷರವೂ ಬದಲಾಗಿಲ್ಲ. ಅವುಗಳನ್ನು ಬರೆದವರು ನಿಮ್ಮವರಲ್ಲ ಎಂದು ನೀವು ಗಟ್ಟಿಯಾಗಿ ಹೇಳಬೇಕು. ಕ್ರೀಡೆಯ ವಿಷಯದಲ್ಲಿ ನಾವಿಬ್ಬರೂ ಬಹುಶಃ ಪೂರ್ತಿ ಒಪ್ಪುವುದಿಲ್ಲ. ಗಂಡಿನ ಪ್ರೌಢಾವಸ್ಥೆ ಕೊಡುವ ಬಲದ ಲಾಭ ಕೆಲವು ಆಟಗಳಲ್ಲಿ ಉಳಿಯುತ್ತದೆ ಎಂಬ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಒಂದೊಂದು ಆಟಕ್ಕೂ ಅದರದೇ ನಿಯಮ ಬೇಕಾಗಬಹುದು. ಆದರೆ 2025ರ ಸೆಪ್ಟೆಂಬರ್‌ನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ತನ್ನ ವಿಶ್ವ ಶ್ರೇಯಾಂಕದ ಕೂಟಗಳ ಮಹಿಳಾ ವಿಭಾಗದ ಪ್ರತಿ ಕ್ರೀಡಾಪಟುವಿಗೂ ಜೀನ್ ಪರೀಕ್ಷೆಯನ್ನು ಕಡ್ಡಾಯ ಮಾಡಿದಾಗ, ಮನೆಯಲ್ಲಿ ಮರೆತ ಪ್ರಮಾಣಪತ್ರದ ಆ ಕಥೆ ನೆನಪಾಗಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಈ ಒಂದು ವಿಷಯದಲ್ಲಿ ಒಪ್ಪಿಗೆಯಾಗದಿದ್ದರೂ ಉಳಿದ ಹತ್ತು ವಿಷಯಗಳಲ್ಲಿ ನಾವು ಜೊತೆಯಾಗಿ ಕೆಲಸ ಮಾಡಬಹುದು. ಮಹಿಳಾ ಚಳವಳಿಯ ಒಳಗೆ ಹಿಂದೆಯೂ ಇಂಥ ಭಿನ್ನಾಭಿಪ್ರಾಯಗಳಿದ್ದವು. ಲೈಂಗಿಕ ವೃತ್ತಿಯ ಬಗ್ಗೆ ನಾವು ಇಂದಿಗೂ ಒಮ್ಮತಕ್ಕೆ ಬಂದಿಲ್ಲ, ಆದರೂ ಒಂದೇ ಬ್ಯಾನರ್ ಹಿಡಿದಿದ್ದೇವೆ.

ಸ್ಪೇನ್‌ನಲ್ಲಿ ಹಾಗೆ ಹಿಡಿಯಲು ಆಗಲಿಲ್ಲ. ಅಲ್ಲಿ 2023ರ ಮಹಿಳಾ ದಿನವಾದ ಮಾರ್ಚ್ 8ರಂದು ಮ್ಯಾಡ್ರಿಡ್‌ನಲ್ಲಿ ಎರಡು ಬೇರೆ ಬೇರೆ ಮೆರವಣಿಗೆಗಳು ಹೊರಟವು. ಅದೇ ದೇಶದ ಸಂಸತ್ತು 2023ರ ಫೆಬ್ರುವರಿ 16ರಂದು ಸ್ವಯಂ ಘೋಷಣೆಯ ಕಾನೂನನ್ನೂ ಗರ್ಭಪಾತದ ಹಕ್ಕನ್ನು ವಿಸ್ತರಿಸಿದ ಕಾನೂನನ್ನೂ ಒಂದೇ ದಿನ ಅಂಗೀಕರಿಸಿತ್ತು. ಒಂದೇ ದಿನ ಬಂದ ಎರಡು ಕಾನೂನುಗಳನ್ನು ಒಟ್ಟಾಗಿ ಸಂಭ್ರಮಿಸಲು ಆಗದೆ ಹೆಂಗಸರು ಎರಡು ಬೀದಿಗಳಲ್ಲಿ ನಡೆದರು. ಮುಂದಿನ ಮಾರ್ಚ್‌ನಲ್ಲಿ ನಮಗೂ ಹಾಗಾಗುವುದು ನನಗೆ ಬೇಡ.

ಇದು ಹೊಸ ಜಗಳವಲ್ಲ ಎಂಬುದೂ ನಿಮಗೆ ಗೊತ್ತಿದೆ. 1973ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಲೆಸ್ಬಿಯನ್ ಸಮಾವೇಶದಲ್ಲಿ ಬೆತ್ ಎಲಿಯಟ್ ಎಂಬ ಟ್ರಾನ್ಸ್ ಗಾಯಕಿ ಹಾಡಬೇಕಿತ್ತು. ಸಮಾವೇಶದ ಸಂಘಟಕರಲ್ಲಿ ಅವರೂ ಒಬ್ಬರಾಗಿದ್ದರು. ಅವರನ್ನು ಹೊರಹಾಕಬೇಕೆಂದು ಒಂದು ಗುಂಪು ವೇದಿಕೆಗೆ ನುಗ್ಗಿತು. ಅವರಿಗೆ ಏಟು ಬೀಳದಂತೆ ಅಡ್ಡ ನಿಂತವರೂ ಸ್ತ್ರೀವಾದಿ ಹೆಂಗಸರೇ. ಮತಕ್ಕೆ ಹಾಕಿದಾಗ ಹೆಚ್ಚಿನವರು ಆಕೆ ಇರಲಿ ಎಂದರು. ಐವತ್ತು ವರ್ಷಗಳ ಹಿಂದೆ ಆ ಸಭಾಂಗಣದಲ್ಲಿ ಕೈ ಎತ್ತಿದ ಹೆಂಗಸರ ಹೆಸರು ನನಗೆ ಗೊತ್ತಿಲ್ಲ. ನನ್ನ ಸಭೆಯಲ್ಲಿ ಕೈ ಎತ್ತದೆ ಕುಳಿತವಳ ಹೆಸರು ಮಾತ್ರ ಚೆನ್ನಾಗಿ ಗೊತ್ತು.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಹೇಳಿಕೆಯಲ್ಲಿರುವ, ಅದು ಅವರ ಹೋರಾಟ ಎಂಬ ಸಾಲನ್ನು ತೆಗೆಯಿರಿ. ನಿಮ್ಮ ಆತಂಕಗಳನ್ನು ಅಳಿಸಬೇಕೆಂದು ನಾನು ಕೇಳುತ್ತಿಲ್ಲ, ಅವುಗಳನ್ನು ಟ್ರಾನ್ಸ್ ಮಹಿಳೆಯರ ಎದುರು ಕುಳಿತು ಹೇಳಿ ಎಂದು ಕೇಳುತ್ತಿದ್ದೇನೆ. ಒಕ್ಕೂಟದ ಮುಂದಿನ ಸಭೆಗೆ, ಅಂದು ಕುರ್ಚಿ ಮಡಚಿಟ್ಟು ಹೋದವರನ್ನು ನಾನು ಕರೆದಿದ್ದೇನೆ. ಬರುವುದಾಗಿ ಹೇಳಿದ್ದಾರೆ, ಇನ್ನಿಬ್ಬರನ್ನು ಜೊತೆಗೆ ಕರೆತರುತ್ತಾರಂತೆ. ಕಾರ್ಯಸೂಚಿಯ ಮೊದಲ ವಿಷಯ ಆಶ್ರಯ ಕೇಂದ್ರದ ಪ್ರವೇಶ ನಿಯಮ, ಎರಡನೆಯದು ಆ ಹಳೆಯ ಸಭೆಯ ನಡಾವಳಿಯ ತಿದ್ದುಪಡಿ. ಈ ಸಲವೂ ನಡಾವಳಿ ಬರೆಯುವವಳು ನಾನೇ.

ನಿಮ್ಮ ಸಂಗಾತಿ